ಬ್ರೆಕ್ಸಿಟ್ ನಂತರದ ಯುರೋಪ್ ಗೋಡೆನಕ್ಷೆ: ಬಣ್ಣ ಸರಿ, ಗೆರೆ ಸಾಲದು

ಶಾಲೆ ಶುರುವಾಗುವ ಹೊತ್ತಿಗೆ ಕಾರವಾರ, ಶಿರಸಿಯ ಪುಸ್ತಕದಂಗಡಿಗಳಿಗೆ ಬರುವ ಯುರೋಪ್ ರಾಜಕೀಯ ನಕ್ಷೆಗಳಲ್ಲಿ ಇದೊಂದು. ಅಳತೆ 70×100 ಸೆಂ.ಮೀ., ಎರಡೂ ಬದಿ ಲ್ಯಾಮಿನೇಶನ್, ಮೇಲೆ ಕೆಳಗೆ ತಗಡಿನ ಪಟ್ಟಿ. ಮಾನ 1:50,00,000. ಅಂದರೆ ನಕ್ಷೆಯ ಒಂದು ಸೆಂ.ಮೀ. ನೆಲದ ಮೇಲೆ 50 ಕಿ.ಮೀ. ಐರೋಪ್ಯ ಒಕ್ಕೂಟದ 27 ದೇಶಗಳಿಗೆ ನೀಲಿ ಬಣ್ಣ, 2020ರ ಜನವರಿ 31ರಂದು ಹೊರಬಿದ್ದ ಬ್ರಿಟನ್ನಿಗೆ ಹಳದಿ. ಹೈಸ್ಕೂಲು, ಪಿಯುಸಿ ತರಗತಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ ಕೊಳ್ಳಲಡ್ಡಿಯಿಲ್ಲ. ಆದರೆ ತಂದ ಹಾಗೇ ಗೋಡೆಗೆ ಹಾಕಬೇಡಿ, ಮೊದಲು ಒಂದು ತಾಸು ಕೂತು ತಿದ್ದಬೇಕು.

ಮುದ್ರಣ ಚೊಕ್ಕ, ಊರಿನ ಹೆಸರುಗಳು ಹಿಂದಿನ ಬೆಂಚಿಗೂ ಕಾಣುತ್ತವೆ. ತೊಂದರೆ ಇರುವುದು ಗಡಿರೇಖೆಯಲ್ಲಿ. ದೇಶದ ಒಡೆತನ ಎಲ್ಲಿಗೆ ಮುಗಿಯುತ್ತದೆ, ಸರಕಿನ ಸುಂಕ ಎಲ್ಲಿ ಶುರುವಾಗುತ್ತದೆ, ಪಾಸ್‌ಪೋರ್ಟು ಎಲ್ಲಿ ತೋರಿಸಬೇಕು: ಈ ಮೂರೂ ಬೇರೆ ಬೇರೆ ಗೆರೆಗಳು. ನಕ್ಷೆ ಮೂರಕ್ಕೂ ಒಂದೇ ಕಪ್ಪು ಗೆರೆ ಎಳೆದು ಬಿಟ್ಟಿದೆ. ದೇಶವೊಂದು ಒಕ್ಕೂಟ ಬಿಟ್ಟಾಗ ಮೊದಲನೆಯದು ಅಲುಗುವುದಿಲ್ಲ, ಎರಡನೆಯದೂ ಮೂರನೆಯದೂ ಜಾಗ ಬದಲಿಸುತ್ತವೆ. ಬ್ರೆಕ್ಸಿಟ್ ಪಾಠದ ಜೀವಾಳವೇ ಇದು.

ಕಾರವಾರದ ಮಕ್ಕಳಿಗೆ ಇದನ್ನು ಹೇಳಿಕೊಡಲು ರಾಜ್ಯದ ಗಡಿಯಲ್ಲಿರುವ ಮಾಜಾಳಿ ಸಾಕು. ಅದರಾಚೆಯ ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿತ್ತು, ಈಗ ಅಲ್ಲಿರುವುದು ಎರಡು ರಾಜ್ಯಗಳ ನಡುವಿನ ಗಡಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ತಪಾಸಣೆ ಹೋಯಿತು. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ಅಬಕಾರಿಯವರ ತಪಾಸಣೆ ಉಳಿಯಿತು. ಗಡಿ ಒಂದಿಂಚೂ ಸರಿಯಲಿಲ್ಲ, ಅಲ್ಲಿ ನಡೆಯುವ ಕೆಲಸವಷ್ಟೇ ಬದಲಾಯಿತು.

ಈ ನಕ್ಷೆ ಹೆಚ್ಚು ಸೋಲುವುದು ಸ್ಪೇನಿನ ದಕ್ಷಿಣ ತುದಿಗೆ ಅಂಟಿಕೊಂಡ, ಬ್ರಿಟನ್ನಿನ ಕೈಯಲ್ಲಿರುವ ಜಿಬ್ರಾಲ್ಟರಿನಲ್ಲಿ. ಊರಿನ ವಿಸ್ತೀರ್ಣ ಸುಮಾರು 6.8 ಚದರ ಕಿ.ಮೀ., ಉದ್ದ 5 ಕಿ.ಮೀ. ಈ ಮಾನದಲ್ಲಿ ಅದು 1 ಮಿ.ಮೀ. ಚುಕ್ಕೆ. ಅರ್ಧ ಮಿ.ಮೀ. ದಪ್ಪದ ಗಡಿಗೆರೆಯೇ ನೆಲದ ಮೇಲೆ 2.5 ಕಿ.ಮೀ. ಆಗುವಾಗ ಆ ಊರನ್ನು ತೋರಿಸುವುದಾದರೂ ಹೇಗೆ? ಒಳನಕ್ಷೆ ಕೊಡಬೇಕಿತ್ತು, ಕೊಟ್ಟಿಲ್ಲ. ಎ4 ಹಾಳೆಯಲ್ಲಿ 1:25,000 ಮಾನದಲ್ಲಿ ನೀವೇ ಬರೆದು ಪಕ್ಕಕ್ಕೆ ಅಂಟಿಸಿ. 5 ಕಿ.ಮೀ.ಗೆ 20 ಸೆಂ.ಮೀ. ಆಗುತ್ತದೆ, ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. ದಕ್ಷಿಣಕ್ಕೆ ಬಂಡೆ ಮತ್ತು ಊರು, ಉತ್ತರಕ್ಕೆ ಸ್ಪೇನಿಗೆ ಅಂಟಿಕೊಂಡ ಚಪ್ಪಟೆ ಭೂಸಂಧಿ, ಅದಕ್ಕೆ ಅಡ್ಡಲಾಗಿ ಸುಮಾರು 7 ಸೆಂ.ಮೀ. ಉದ್ದಕ್ಕೆ ವಿಮಾನದ ರನ್‌ವೇ. ಭೂಸಂಧಿಗೆ ಮಾತ್ರ ಕೆಂಪು ಓರೆಗೆರೆ ಹಾಕಿ.

ಅಲ್ಲಿಗೇ ಯಾಕೆ ಎಂದರೆ, 1713ರ ಉಟ್ರೆಕ್ಟ್ ಒಪ್ಪಂದದ 10ನೇ ವಿಧಿ ಬ್ರಿಟನ್ನಿಗೆ ಬಿಟ್ಟುಕೊಟ್ಟದ್ದು ಊರು, ಕೋಟೆ, ಬಂದರು ಇಷ್ಟನ್ನೇ, ಭೂಸಂಧಿ ಅದರಲ್ಲಿಲ್ಲ ಎಂಬುದು ಸ್ಪೇನಿನ ವಾದ. ಬಹುಕಾಲದಿಂದ ನಮ್ಮ ಸ್ವಾಧೀನದಲ್ಲಿದೆ ಎಂಬುದು ಬ್ರಿಟನ್ನಿನ ಉತ್ತರ. ಬ್ರಿಟನ್ ಬಿಟ್ಟುಕೊಡುವುದಾದರೆ ಮೊದಲ ಹಕ್ಕು ಸ್ಪೇನಿನದು ಎಂದೂ ಅದೇ ವಿಧಿಯಲ್ಲಿದೆ. ಜಿಬ್ರಾಲ್ಟರಿನ ಜನರೋ 1967ರಲ್ಲಿ 12,138ಕ್ಕೆ 44 ಮತಗಳಿಂದ ಬ್ರಿಟನ್ನಿನ ಜತೆಗೇ ಇರುತ್ತೇವೆ ಎಂದರು. 2016ರ ಬ್ರೆಕ್ಸಿಟ್ ಜನಮತದಲ್ಲಿ ಮತ ಹಾಕಿದವರಲ್ಲಿ ಸುಮಾರು 96% ಜನ ಒಕ್ಕೂಟದಲ್ಲೇ ಉಳಿಯೋಣ ಎಂದರು. ಎರಡೂ ಬಯಕೆ ಒಟ್ಟಿಗೆ ಈಡೇರುವ ದಾರಿ ಬ್ರೆಕ್ಸಿಟ್‌ನಿಂದ ಮುಚ್ಚಿತು.

ವಿದ್ಯಾರ್ಥಿಗಳು ಎಡವುವುದೂ ಇಲ್ಲೇ. ಜಿಬ್ರಾಲ್ಟರ್ ತಕರಾರು ಬ್ರೆಕ್ಸಿಟ್‌ನಿಂದ ಹುಟ್ಟಿತು ಎಂದು ಬರೆಯುತ್ತಾರೆ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ 1969ರಲ್ಲಿ ಮುಚ್ಚಿಸಿದ ಗಡಿಯ ಗೇಟು ಪೂರ್ತಿ ತೆರೆದದ್ದು 1985ರಲ್ಲಿ, ಅಂದರೆ ತಕರಾರು ಬಹಳ ಹಳೆಯದು. ಬ್ರೆಕ್ಸಿಟ್ ಬದಲಿಸಿದ್ದು ಚೌಕಾಸಿಯ ಬಲವನ್ನು. ಬ್ರಿಟನ್ ಹೊರಟು ನಿಂತಾಗ ಒಕ್ಕೂಟ ಸ್ಪೇನಿನ ಬೆನ್ನಿಗೆ ನಿಂತಿತು. ಸ್ಪೇನ್ ಒಪ್ಪದೆ ಮುಂದಿನ ಯಾವ ಒಪ್ಪಂದವೂ ಜಿಬ್ರಾಲ್ಟರಿಗೆ ಅನ್ವಯಿಸದು ಎಂದು 2017ರ ಏಪ್ರಿಲ್‌ನಲ್ಲೇ ಬರೆದುಕೊಂಡಿತು. 2025ರ ಜೂನ್ 11ರ ರಾಜಕೀಯ ಒಪ್ಪಂದ ಗಡಿಬೇಲಿಯ ಬಳಿಯ ತಪಾಸಣೆಯನ್ನು ವಿಮಾನ ನಿಲ್ದಾಣಕ್ಕೂ ಬಂದರಿಗೂ ಸಾಗಿಸುವ ಮಾತಾಡಿತು. ಒಡೆತನದ ಪ್ರಶ್ನೆಯಲ್ಲಿ ಇಬ್ಬರ ನಿಲುವೂ ಇದ್ದಂತೆಯೇ ಉಳಿಯಿತು.

ಉತ್ತರ ಐರ್ಲೆಂಡಿನ ಸುಮಾರು 500 ಕಿ.ಮೀ. ಗಡಿಯನ್ನೂ ನಕ್ಷೆ ಅದೇ ದಪ್ಪ ಕಪ್ಪಿನಲ್ಲಿ ತೋರಿಸಿದೆ. ಒಡೆತನದ ಗೆರೆಯಾಗಿ ಅದು ಸರಿ. ಆದರೆ ಆ ಗಡಿಯಲ್ಲಿ ಗೇಟಿಲ್ಲ. ಜನ ಬಹುಮತದಿಂದ ಒಪ್ಪಿದರೆ ಮಾತ್ರ ಅಲ್ಲಿನ ಒಡೆತನ ಬದಲಾಗಬೇಕು ಎಂದು, ಅಲ್ಲಿನ ದಶಕಗಳ ಹಿಂಸೆಗೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದ ಹೇಳಿತು. ಆ ಶಾಂತಿ ಕೆಡದಿರಲೆಂದು ಸರಕಿನ ತಪಾಸಣೆಯನ್ನು ಐರಿಷ್ ಸಮುದ್ರಕ್ಕೆ ಸರಿಸಲಾಯಿತು. 2023ರ ವಿಂಡ್ಸರ್ ಒಪ್ಪಂದದ ಮೇಲೆ ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ಹಸಿರು ಸಾಲು, ಗಡಿ ದಾಟಿ ಒಕ್ಕೂಟಕ್ಕೆ ಹೋಗಬಹುದಾದದ್ದಕ್ಕೆ ಕೆಂಪು ಸಾಲು. ಆದ್ದರಿಂದ ಬ್ರಿಟನ್ನಿನ ದೊಡ್ಡ ದ್ವೀಪಕ್ಕೂ ಉತ್ತರ ಐರ್ಲೆಂಡಿಗೂ ನಡುವಿನ ಕಡಲಲ್ಲಿ ಕಡ್ಡಿಗೆರೆ ಎಳೆಯಿರಿ. ಕಾನೂನಿನ ಲೆಕ್ಕದಲ್ಲಿ ಉತ್ತರ ಐರ್ಲೆಂಡ್ ಇಂದಿಗೂ ಬ್ರಿಟನ್ನಿನ ಸುಂಕ ವಲಯದಲ್ಲೇ ಇದೆ ಎಂದು ಪಕ್ಕದಲ್ಲಿ ಬರೆದಿಡಿ.

ಸೈಪ್ರಸ್ ಪೂರ್ತಿ ನೀಲಿ. ದ್ವೀಪವಿಡೀ 2004ರಲ್ಲಿ ಒಕ್ಕೂಟ ಸೇರಿದ್ದು ನಿಜ, ಉತ್ತರ ಭಾಗದಲ್ಲಿ ಒಕ್ಕೂಟದ ಕಾನೂನು ತಡೆಹಿಡಿದಿರುವುದೂ ನಿಜ. ಜತೆಗೆ ಅಕ್ರೋಟಿರಿ, ಧೆಕೇಲಿಯಾ ಎಂಬ ಎರಡು ಸೇನಾನೆಲೆಗಳು, ಒಟ್ಟು ಸುಮಾರು 254 ಚದರ ಕಿ.ಮೀ., 1960ರಿಂದ ಬ್ರಿಟನ್ನಿನ ಒಡೆತನದಲ್ಲಿವೆ. ನಕ್ಷೆಯಲ್ಲಿ ಎರಡು ಮಿ.ಮೀ.ಗಷ್ಟು ಜಾಗ ಸಿಗುತ್ತದೆ, ಮೊನೆಯ ಪೆನ್ನಿನಲ್ಲಿ ಗುರುತಿಸಬಹುದು. ಮೇಲಿನ ಮೂಲೆಯ ಗ್ರೀನ್‌ಲ್ಯಾಂಡನ್ನೂ ನೀಲಿ ಮಾಡಿದ್ದು ನೇರ ತಪ್ಪು. ಮೀನುಗಾರಿಕೆಯ ಹಕ್ಕಿನ ಜಗಳದಲ್ಲಿ 1982ರಲ್ಲಿ ಮತ ಹಾಕಿ, 1985ರ ಫೆಬ್ರವರಿ 1ರಂದು ಅದು ಹೊರಬಂತು, ಡೆನ್ಮಾರ್ಕ್ ರಾಜ್ಯದೊಳಗೇ ಉಳಿಯಿತು. ಒಕ್ಕೂಟ ಬಿಡುವುದಕ್ಕೂ ಒಡೆತನಕ್ಕೂ ಸಂಬಂಧವಿಲ್ಲ ಎನ್ನಲು ಇದಕ್ಕಿಂತ ಶುದ್ಧ ಉದಾಹರಣೆ ಸಿಗದು. ಅದಕ್ಕೇ ಈ ತಪ್ಪು ಹೆಚ್ಚು ನೋಯಿಸುತ್ತದೆ.

ಒಕ್ಕೂಟ ಬಿಡುವುದು ಬೇರೆ, ಒಕ್ಕೂಟವೇ ಒಡೆಯುವುದು ಬೇರೆ. ಯುಗೊಸ್ಲಾವಿಯಾ ಒಡೆದಾಗ ಒಳಗಿನ ಪ್ರಾಂತಗಡಿಗಳೇ ದೇಶಗಡಿಗಳಾಗುತ್ತವೆ, ಒಪ್ಪಂದವಿಲ್ಲದೆ ಬದಲಿಸುವಂತಿಲ್ಲ ಎಂದು 1992ರಲ್ಲಿ ಐರೋಪ್ಯ ಸಮುದಾಯ ನೇಮಿಸಿದ್ದ ಬದಿಂತೇರ್ ಆಯೋಗ ಹೇಳಿತು. 1954ರಲ್ಲಿ ಸೋವಿಯತ್ ಒಕ್ಕೂಟದೊಳಗೆ ರಷ್ಯದಿಂದ ಉಕ್ರೇನಿಗೆ ವರ್ಗವಾದ ಕ್ರಿಮಿಯಾ 1991ರಲ್ಲಿ ಉಕ್ರೇನಿನ ಜತೆ ಹೋದದ್ದೂ ಇದೇ ತತ್ತ್ವದಂತೆ. ಆಮೇಲೆ ರಷ್ಯ ಕಿತ್ತುಕೊಂಡ ಈ ಕ್ರಿಮಿಯಾಕ್ಕೆ ನಕ್ಷೆ ಚುಕ್ಕಿಗೆರೆ ಹಾಕಿದೆ, ಒಳ್ಳೆಯದು. ಸರ್ಬಿಯದಿಂದ ಬೇರೆಯಾದೆವೆಂದು ಘೋಷಿಸಿಕೊಂಡ ಕೊಸೊವೊಕ್ಕೂ ಅದೇ ಬೇಕಿತ್ತು. ಭಾರತವಾಗಲಿ, ಒಕ್ಕೂಟದೊಳಗಿನ ಸ್ಪೇನ್, ಗ್ರೀಸ್, ಸೈಪ್ರಸ್, ರೊಮೇನಿಯಾ, ಸ್ಲೊವಾಕಿಯಾಗಳಾಗಲಿ ಅದನ್ನು ದೇಶವೆಂದು ಮಾನ್ಯ ಮಾಡಿಲ್ಲ.

ತಿದ್ದಲು ಪರ್ಮನೆಂಟ್ ಮಾರ್ಕರ್ ಸಾಕು: ಒಡೆತನದ ತಕರಾರಿಗೆ ಕೆಂಪು, ಸುಂಕಕ್ಕೆ ಕಪ್ಪು ಕಡ್ಡಿಗೆರೆ, ಪಾಸ್‌ಪೋರ್ಟಿಗೆ ಹಸಿರು. ಒಳಗಡಿಗಳಲ್ಲಿ ಪಾಸ್‌ಪೋರ್ಟು ಕೇಳದ ಷೆಂಗೆನ್ ವಲಯಕ್ಕೆ ಹಸಿರು ಎಳೆಯುವಾಗ ಐರ್ಲೆಂಡನ್ನು ಹೊರಗಿಡಿ. ನುಣುಪು ಲ್ಯಾಮಿನೇಶನ್ ಆದರೆ ತಪ್ಪಿದ ಗೆರೆ ಸ್ಪಿರಿಟ್ ಹಚ್ಚಿದ ಹತ್ತಿಗೆ ಬಿಡುತ್ತದೆ. ಮಂಕು ಲ್ಯಾಮಿನೇಶನ್ ಶಾಯಿ ಹೀರಿಕೊಳ್ಳುತ್ತದೆ, ಮೂಲೆಯಲ್ಲಿ ಪರೀಕ್ಷಿಸಿಯೇ ಶುರುಮಾಡಿ.

ಕರಾವಳಿಯಲ್ಲಿ ಕೊಳ್ಳುವವರು ಅಂಚು ನೋಡಲೇಬೇಕು. ಕಾಗದದಾಚೆ ಕನಿಷ್ಠ 5 ಮಿ.ಮೀ. ಪ್ಲಾಸ್ಟಿಕ್ ಇಲ್ಲದಿದ್ದರೆ ಮಳೆಗಾಲದ ತೇವ ಒಳನುಗ್ಗಿ ಬೂಷ್ಟು ಹಿಡಿಯುತ್ತದೆ. ತಗಡಿನ ಪಟ್ಟಿ ಉಪ್ಪುಗಾಳಿಗೆ ತುಕ್ಕಾಗಿ ನಕ್ಷೆಯ ಮೇಲೆ ಕಂದು ಕಲೆ ಇಳಿಸುತ್ತದೆ. ಅದನ್ನು ತೆಗೆದು ಅಲ್ಯೂಮಿನಿಯಂ ಪಟ್ಟಿ ಹಾಕಿಸಿ.

ದುಡ್ಡು ಕೊಡುವ ಮೊದಲು ಕೆಳಮೂಲೆಯ ಪುಟ್ಟ ಜಗತ್ತಿನ ನಕ್ಷೆಯಲ್ಲಿ ಭಾರತದ ಗಡಿ ನೋಡಿ. ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತವನ್ನು ಪ್ರಕಟಿಸುವುದು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯಡಿ ಆರು ತಿಂಗಳವರೆಗೆ ಸಜೆಯ ಅಪರಾಧ. ನಾವು ನೋಡಿದ ಪ್ರತಿಯಲ್ಲಿ ಅದು ಸರಿಯಾಗಿದೆ. ವಿದೇಶೀ ಜಾಲತಾಣದಿಂದ ಇಳಿಸಿ ಫ್ಲೆಕ್ಸ್ ಹೊಡೆಸಿಕೊಳ್ಳುವ ಅಗ್ಗದ ನಕ್ಷೆಗಳಲ್ಲಿ ಜಮ್ಮು ಕಾಶ್ಮೀರ, ಲಡಾಖ್ ತುಂಡಾಗಿರುವುದುಂಟು. ಅಂಥದ್ದನ್ನು ಶಾಲೆಗೆ ತರಬೇಡಿ.