ಭೂವಿಜ್ಞಾನ ವಿಭಾಗದ ಫೀಲ್ಡ್ ಪೆಟ್ಟಿಗೆ: ಇಪ್ಪತ್ತು ಮಂದಿಯ ತರಗತಿಗೆ ಏನು ಕೊಳ್ಳಬೇಕು, ಏನು ಬೇಡ

ಇಪ್ಪತ್ತು ವಿದ್ಯಾರ್ಥಿಗಳ ತರಗತಿಗೆ ಎರಡು ಕಂಪಾಸ್ ಇದ್ದರೆ ಏನಾಗುತ್ತದೆ ಎಂಬುದು ಭೂವಿಜ್ಞಾನ ಕಲಿಸುವವರಿಗೆಲ್ಲ ಗೊತ್ತು. ಬಂಡೆಯ ಮುಂದೆ ಬಸ್ಸು ನಿಂತ ಕೂಡಲೇ ಕಂಪಾಸ್ ಧೈರ್ಯ ಇದ್ದವರ ಕೈ ಸೇರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಕನ್ನಡ ಮಾಧ್ಯಮದಿಂದ ಬಂದವರು, ಹುಡುಗಿಯರು ಎರಡನೇ ಸಾಲಿನಲ್ಲಿ ನಿಂತು, ಮುಂದಿನವರು ಕೂಗಿ ಹೇಳಿದ ಅಂಕಿ ಬರೆದುಕೊಳ್ಳುತ್ತಾರೆ. ಅವರ ನೋಟ್‌ಬುಕ್ ಅಚ್ಚುಕಟ್ಟಾಗಿರುತ್ತದೆ, ಕೈ ಮಾತ್ರ ಪಳಗಿರುವುದಿಲ್ಲ. ಎಂ.ಎಸ್ಸಿ. ಪ್ರವೇಶದ ಹೊತ್ತಿಗೋ ಗಣಿ ಕಂಪನಿಯ ಸಂದರ್ಶನದ ಹೊತ್ತಿಗೋ ಈ ಕೊರತೆ ಹೊರಬೀಳುತ್ತದೆ. ಹಿಂದುಳಿದ ಹಿನ್ನೆಲೆಯ ಮಕ್ಕಳಿಗೆ ಬೆಂಬಲ ಕೊಡಬೇಕೆಂದಿರುವ ವಿಭಾಗ ಮೊದಲು ತನ್ನ ಫೀಲ್ಡ್ ಪೆಟ್ಟಿಗೆ, ಅಂದರೆ ಕ್ಷೇತ್ರ ಪ್ರವಾಸಕ್ಕೆ ಒಯ್ಯುವ ಸಾಮಾನಿನ ಪೆಟ್ಟಿಗೆ, ತೆರೆದು ಎಣಿಸಲಿ. ಯಾವ ಸಾಮಾನು ಎಷ್ಟು ಬೇಕು, ಯಾವುದು ಕೈಕೊಡುತ್ತದೆ ಎಂಬ ವಿಮರ್ಶೆ ಇದು.

ಮೊದಲು ಕಂಪಾಸ್. ಹಣವೆಲ್ಲ ಇಲ್ಲೇ ಹೋಗುವುದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 1894ರಲ್ಲಿ ಪೇಟೆಂಟ್ ಆದ ಬ್ರಂಟನ್ ಪಾಕೆಟ್ ಟ್ರಾನ್ಸಿಟ್ ಇಂದಿಗೂ ಒಳ್ಳೆಯ ಉಪಕರಣ. ಕಂಪಾಸಿನ ಜೊತೆಗೆ ಕನ್ನಡಿ, ಗುರಿ ಹಿಡಿಯುವ ದೃಷ್ಟಿಕಡ್ಡಿ, ಇಳಿಜಾರಿನ ಕೋನ ಅಳೆಯುವ ಕ್ಲೈನೋಮೀಟರ್ ಎಲ್ಲ ಒಂದರಲ್ಲೇ ಇವೆ. ಆದರೆ ಆಮದಾದ ಒಂದು ಬ್ರಂಟನ್ನಿನ ಬೆಲೆಗೆ ಅಂಬಾಲಾ, ರೂರ್ಕಿ ಕಡೆ ತಯಾರಾಗುವ ಸಾದಾ ಕ್ಲೈನೋಮೀಟರ್ ಕಂಪಾಸುಗಳು ಹಲವು ಬರುತ್ತವೆ. ಬಿ.ಎಸ್ಸಿ. ಮಟ್ಟದಲ್ಲಿ ಸ್ಟ್ರೈಕ್ (ಓರೆಯಾದ ಶಿಲಾಪದರದ ಮೇಲೆ ಎಳೆದ ಸಮತಲ ಗೆರೆಯ ದಿಕ್ಕು), ಡಿಪ್ (ಪದರ ಇಳಿಯುವ ಕೋನ) ಅಳೆಯಲು ಸಾದಾ ಕಂಪಾಸ್ ಧಾರಾಳ ಸಾಕು. ನಮ್ಮ ಶಿಫಾರಸು: ಇಬ್ಬರಿಗೊಂದರಂತೆ ಹತ್ತು ಸಾದಾ ಕಂಪಾಸ್, ಮೇಲೆ ಎರಡು ಬದಲಿ. ಬ್ರಂಟನ್ ಈಗಾಗಲೇ ಇದ್ದರೆ ಇರಲಿ, ಇಲ್ಲದಿದ್ದರೆ ಮೊದಲ ವರ್ಷದ ಹಣ ಅದಕ್ಕೆ ಸುರಿಯಬೇಡಿ.

ಸಾದಾ ಕಂಪಾಸನ್ನು ಪರೀಕ್ಷಿಸದೆ ಬಿಲ್ ಮಾಡಿಸಬಾರದು. ಮೇಜಿನ ಮೇಲೆ ಸಮತಟ್ಟಾಗಿಟ್ಟು ಸೂಜಿ ನಿಲ್ಲಲಿ. ಒಂದು ಉಕ್ಕಿನ ಬೀಗದ ಕೈ ಹತ್ತಿರ ತಂದು ಸೂಜಿ ಅಲುಗಿಸಿ, ಬೀಗದ ಕೈಯನ್ನು ದೂರ ಸರಿಸಿ. ಸೂಜಿ ಮೊದಲಿನ ಅಂಕಿಗೇ ಬರಬೇಕು. ಹೀಗೆ ಐದು ಸಲ ಮಾಡಿದಾಗ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸೂಜಿ ಕೂರುವ ಮೊನೆ ಸವೆದಿದೆ ಅಥವಾ ಬಾಗಿದೆ, ವಾಪಸ್ ಕಳಿಸಿ. ಆಮೇಲೆ ಕಂಪಾಸ್ ಸಮತಟ್ಟಾಗಿದೆಯೇ ಎಂದು ತೋರಿಸುವ ನೀರ್ಗುಳ್ಳೆ ನೋಡಿ. ಗುಳ್ಳೆ ಗುರುತಿನ ಉಂಗುರಕ್ಕಿಂತ ದೊಡ್ಡದಾಗಿದ್ದರೆ ದ್ರವ ಸೋರುತ್ತಿದೆ ಎಂದರ್ಥ.

ಸೂಜಿಯ ತೂಕದ ವಿಚಾರವನ್ನು ಬಹಳ ಮಂದಿ ಗಮನಿಸುವುದಿಲ್ಲ. ಅಮೆರಿಕ, ಯುರೋಪಿಗೆಂದು ಮಾಡಿದ ಕಂಪಾಸಿನಲ್ಲಿ ಸೂಜಿಯ ಉತ್ತರ ತುದಿ ಕೆಳಗೆ ಬಾಗದಿರಲೆಂದು ದಕ್ಷಿಣ ತುದಿಗೆ ಸಣ್ಣ ತೂಕ ಕೊಟ್ಟಿರುತ್ತಾರೆ. ಭೂಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿಯೇ ಹಾದುಹೋಗುವುದರಿಂದ ಕರ್ನಾಟಕದಲ್ಲಿ ಆ ತೂಕ ಹೆಚ್ಚಾಗುತ್ತದೆ. ದಕ್ಷಿಣ ತುದಿ ಇಳಿದು ತಳಕ್ಕೆ ಉಜ್ಜಿ ಸೂಜಿ ಸಿಕ್ಕಿಕೊಳ್ಳುತ್ತದೆ. ಬ್ರಂಟನ್ನಿನಲ್ಲಿ ಗಾಜು ತೆಗೆದು ತಾಮ್ರದ ತಂತಿಯ ಸುರುಳಿಯನ್ನು ನಡುವಿನ ಕಡೆಗೆ ಸರಿಸಿದರೆ ಸರಿಹೋಗುತ್ತದೆ. ಡಯಲ್ ಮೇಲೆ ಪೂರ್ವ, ಪಶ್ಚಿಮ ಅಕ್ಷರಗಳು ಅದಲುಬದಲಾಗಿರುವುದನ್ನು ಕಂಡು ಹೊಸಬರು ಕಂಪಾಸೇ ತಪ್ಪು ಎಂದುಕೊಳ್ಳುತ್ತಾರೆ. ಡಬ್ಬಿ ತಿರುಗಿದರೂ ಸೂಜಿ ನಿಂತಲ್ಲೇ ಇರುತ್ತದೆ, ಅದಕ್ಕಾಗಿಯೇ ಅಕ್ಷರ ತಿರುವಿರುತ್ತಾರೆ. ಇದನ್ನು ಮೊದಲ ದಿನವೇ ಹೇಳಿಬಿಡಬೇಕು. ಕೇಳಲು ಹಿಂಜರಿಯುವ ವಿದ್ಯಾರ್ಥಿ ಈ ಗೊಂದಲವನ್ನು ಎರಡು ಸೆಮಿಸ್ಟರ್ ಹೊತ್ತು ತಿರುಗುತ್ತಾನೆ.

ಉಪಕರಣದ ಜೊತೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಅಂಗೈ ಅಗಲದ ಕನ್ನಡ ಚೀಟಿಯೊಂದನ್ನು ಲ್ಯಾಮಿನೇಟ್ ಮಾಡಿಸಿ ಪ್ರತಿ ಕಂಪಾಸಿನ ಚೀಲಕ್ಕೆ ಕಟ್ಟಿ. ಅದರಲ್ಲಿ ಇಷ್ಟಿದ್ದರೆ ಸಾಕು: ಸುತ್ತಿಗೆ, ಮೊಬೈಲ್ ಎರಡು ಹೆಜ್ಜೆ ದೂರ ಇಡು. ಪದರದ ಮೇಲ್ಮೈಗೆ ಕಂಪಾಸಿನ ಅಂಚು ತಾಗಿಸಿ ಗುಳ್ಳೆ ನಡುವಿಗೆ ತಂದು ಸೂಜಿಯ ಉತ್ತರ ತುದಿ ಓದು, ಅದು ಸ್ಟ್ರೈಕ್. ಅದಕ್ಕೆ ಲಂಬವಾಗಿ ತಿರುಗಿಸಿ ಕ್ಲೈನೋಮೀಟರಿನಲ್ಲಿ ಕೋನ ಓದು, ಅದು ಡಿಪ್. ಸ್ಟ್ರೈಕ್ ಮೂರು ಅಂಕಿಯಲ್ಲಿ, ಡಿಪ್ ಎರಡು ಅಂಕಿಯಲ್ಲಿ, ಇಳಿಜಾರಿನ ದಿಕ್ಕಿನ ಸಮೇತ ಬರೆ: 045, 30 ಆಗ್ನೇಯ. ಮೇಲ್ಮೈ ಉಬ್ಬುತಗ್ಗಾಗಿದ್ದರೆ ಅದರ ಮೇಲೆ ಹಲಗೆ ಇಟ್ಟು ಅಳೆ. ಈ ಹಲಗೆಗೆಂದು ಸ್ಟೇಷನರಿ ಅಂಗಡಿಯ ಪರೀಕ್ಷಾ ಪ್ಯಾಡ್ ಕೊಂಡರೆ ಅದರ ಉಕ್ಕಿನ ಕ್ಲಿಪ್ಪೇ ಸೂಜಿಯನ್ನು ಎಳೆಯುತ್ತದೆ. ಕ್ಲಿಪ್ ಕಿತ್ತುಹಾಕಿ ರಬ್ಬರ್‌ಬ್ಯಾಂಡ್ ಹಾಕಿ.

ಸಂಡೂರು, ಚಿತ್ರದುರ್ಗದ ಕಬ್ಬಿಣದ ಪಟ್ಟೆಗಳಿರುವ ಶಿಲೆಗಳ ಮೇಲೆ ಯಾವ ಬೆಲೆಯ ಕಂಪಾಸೂ ನಂಬಿಕೆಗೆ ಅರ್ಹವಲ್ಲ. ಅವುಗಳಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜ ಸೂಜಿಯನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಒಬ್ಬರು ಬಂಡೆಯ ಬಳಿ, ಇನ್ನೊಬ್ಬರು ಐವತ್ತು ಹೆಜ್ಜೆ ದೂರ ನಿಂತು ಪರಸ್ಪರ ದಿಕ್ಕು ಓದಿದರೆ ಎರಡು ಅಂಕಿಗಳ ನಡುವೆ ಸರಿಯಾಗಿ 180 ಡಿಗ್ರಿ ಅಂತರ ಇರಬೇಕು. ಇಲ್ಲದಿದ್ದರೆ ಆ ಜಾಗದಲ್ಲಿ ನಕ್ಷೆಯ ಮೇಲಿನ ಗುಡ್ಡದ ತುದಿ, ಗುಡಿಯ ಗೋಪುರ ನೋಡಿ ದಿಕ್ಕು ಹಿಡಿಯಬೇಕು.

‘ಈಗ ಮೊಬೈಲ್ ಆ್ಯಪ್ ಇದೆಯಲ್ಲ, ಕಂಪಾಸ್ ಯಾಕೆ’ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಫೀಲ್ಡ್‌ಮೂವ್ ಕ್ಲೈನೋದಂಥ ಆ್ಯಪ್‌ಗಳು ಬೇಗ ಅಳೆಯುತ್ತವೆ ನಿಜ. ಆದರೆ ಅಗ್ಗದ ಫೋನುಗಳಲ್ಲಿ ಹಲವಕ್ಕೆ ಕಾಂತಸಂವೇದಕವೇ ಇರುವುದಿಲ್ಲ. ಇದ್ದರೂ ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ತಿರುಗಿಸಿ ಸರಿಪಡಿಸಿಕೊಳ್ಳದಿದ್ದರೆ, ಕವರಿನಲ್ಲಿ ಆಯಸ್ಕಾಂತದ ಗುಂಡಿ ಇದ್ದರೆ, ದಿಕ್ಕು ಹತ್ತಾರು ಡಿಗ್ರಿ ತಪ್ಪಬಹುದು. ಆ್ಯಪ್ ನೆಚ್ಚಿಕೊಂಡ ತರಗತಿಯಲ್ಲಿ ಒಳ್ಳೆಯ ಫೋನ್ ಇದ್ದವರು ಮಾತ್ರ ಅಳೆಯುತ್ತಾರೆ, ನಾವು ಅಳಿಸಬೇಕೆಂದಿದ್ದ ಎರಡನೇ ಸಾಲು ಮತ್ತೆ ಹುಟ್ಟುತ್ತದೆ.

ಹ್ಯಾಂಡ್ ಲೆನ್ಸ್ ಹಂಚಿಕೊಳ್ಳುವ ವಸ್ತುವಲ್ಲ. 10 ಪಟ್ಟಿನದು ತಲೆಗೊಂದು ಕೊಡಿ, ಕುತ್ತಿಗೆಗೆ ದಾರ ಕಟ್ಟಿ ಕೊಡಿ, ವಾಪಸ್ ಕೇಳಬೇಡಿ. ಇಡೀ ಪೆಟ್ಟಿಗೆಯಲ್ಲಿ ಕೊಟ್ಟ ಹಣಕ್ಕೆ ಇದಕ್ಕಿಂತ ಹೆಚ್ಚು ಕಲಿಸುವ ವಸ್ತು ಇನ್ನೊಂದಿಲ್ಲ. ಮಾರುಕಟ್ಟೆಯಲ್ಲಿ ‘30 ಪಟ್ಟು’ ಎಂದು ಕೆತ್ತಿದ ಅಗ್ಗದ ಮಡಚುವ ಲೆನ್ಸುಗಳು ಸಿಗುತ್ತವೆ. ಅವುಗಳ ಸತ್ಯ ತಿಳಿಯಲು ಸ್ಕೇಲ್ ಸಾಕು. 10 ಪಟ್ಟಿನ ಲೆನ್ಸಿನಲ್ಲಿ ಕಲ್ಲು ಸ್ಪಷ್ಟವಾಗಿ ಕಾಣುವ ದೂರ ಸುಮಾರು 25 ಮಿಲಿಮೀಟರ್, ನಿಜವಾದ 30 ಪಟ್ಟಿನದಕ್ಕೆ ಸುಮಾರು 8 ಮಿಲಿಮೀಟರ್. ಕೆತ್ತಿದ ಅಂಕಿ ಏನೇ ಇರಲಿ, 25ರ ಹತ್ತಿರ ಸ್ಪಷ್ಟವಾಗಿ, ಅಂಚಿನಲ್ಲಿ ಬಣ್ಣದ ಗೆರೆ ಇಲ್ಲದೆ ಕಂಡರೆ ತೆಗೆದುಕೊಳ್ಳಿ. ಬಳಸುವ ಕ್ರಮವನ್ನೂ ಕಲಿಸಬೇಕು. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರ, ಕಲ್ಲನ್ನು ಅದರ ಹತ್ತಿರಕ್ಕೆ ತರುವುದು, ಬೆಳಕು ಪಕ್ಕದಿಂದ ಬೀಳುವುದು. ಕಲ್ಲಿನ ಮೇಲೆ ಲೆನ್ಸ್ ಇಟ್ಟು ಮೇಲಿನಿಂದ ಇಣುಕುವವರಿಗೆ ಹೊಸ ಮುರಿತದ ಮೇಲಿನ ಫೆಲ್ಡ್‌ಸ್ಪಾರ್ ಖನಿಜದ ಮಿನುಗು ಕಾಣುವುದೇ ಇಲ್ಲ.

ಸುತ್ತಿಗೆ ನಾಲ್ವರಿಗೊಂದು ಸಾಕು. ಒಂದೇ ಉಕ್ಕಿನ ತುಂಡಿನಿಂದ ಎರಕವಿಲ್ಲದೆ ಬಡಿದು ಮಾಡಿದ್ದು, ಒಂದು ತುದಿ ಚೂಪು, ಇನ್ನೊಂದು ಚೌಕ, ತೂಕ 600 ಗ್ರಾಂ ಆಸುಪಾಸು. ಬಡಗಿಯ ಸುತ್ತಿಗೆ ತರಬೇಡಿ, ನಮ್ಮ ಕಡೆಯ ಗಟ್ಟಿ ಶಿಲೆಗಳಾದ ನೈಸ್ ಮತ್ತು ಗ್ರಾನೈಟಿಗೆ ಅದರ ಅಂಚು ಸಿಡಿಯುತ್ತದೆ. ಒಂದು ಸುತ್ತಿಗೆಯನ್ನು ಬಂಡೆಗೆ ಇಟ್ಟು ಇನ್ನೊಂದರಿಂದ ಹೊಡೆಯುವುದಂತೂ ಕಣ್ಣಿಗೇ ಅಪಾಯ. ಚಾಣ ಬೇಕಾದಲ್ಲಿ ಚಾಣವನ್ನೇ ಬಳಸಿ. ಕಣ್ಣಿನ ರಕ್ಷಣೆಯ ಕನ್ನಡಕ ಇಪ್ಪತ್ತೂ ಬೇಕು. ಇಡೀ ತಂಡಕ್ಕೆ ಎರಡು ಕಿಲೋ ಸುತ್ತಿಗೆ ಒಂದಿರಲಿ. ಕ್ವಾರಿಯಲ್ಲಿ ದುಡಿಯುವ ಮನೆಯಿಂದ ಬಂದ ವಿದ್ಯಾರ್ಥಿ ತರಗತಿಯಲ್ಲಿದ್ದರೆ ಕಲ್ಲು ಯಾವ ಕಡೆಗೆ ಸೀಳುತ್ತದೆ ಎಂಬುದು ಅವರಿಗೆ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ತಿಳಿವಳಿಕೆಗೆ ಗೌರವದಿಂದ ಜಾಗ ಕೊಡಿ, ಹಾಗೆಂದು ಹೊಡೆಯುವ ಕೆಲಸವನ್ನೆಲ್ಲ ಅವರ ತಲೆಗೇ ಕಟ್ಟಬೇಡಿ. ಲಾಲ್‌ಬಾಗಿನ ಬಂಡೆ, ಮರಡಿಹಳ್ಳಿಯ ದಿಂಬು ಲಾವಾ (ನೀರಿನಡಿ ಹರಿದು ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ), ಸೇಂಟ್ ಮೇರೀಸ್ ದ್ವೀಪದ ಕಂಬಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿ ಸುತ್ತಿಗೆ ಬಸ್ಸಿನಲ್ಲೇ ಇರಲಿ.

ಸುಣ್ಣಕಲ್ಲು ಗುರುತಿಸಲು ಬೇಕಾದ ಆಮ್ಲ ಅಗ್ಗ. ಒಂದು ಪಾಲು ಗಾಢ ಹೈಡ್ರೋಕ್ಲೋರಿಕ್ ಆಮ್ಲವನ್ನು ಮೂರು ಪಾಲು ನೀರಿಗೆ ನಿಧಾನವಾಗಿ ಸೇರಿಸಿದರೆ ಸುಮಾರು ಶೇ. 10ರ ದ್ರಾವಣ ಆಗುತ್ತದೆ. ನೀರನ್ನು ಆಮ್ಲಕ್ಕೆ ಸುರಿಯಬಾರದು. 30 ಮಿಲಿಯ ಪ್ಲಾಸ್ಟಿಕ್ ಹನಿಬಾಟಲಿ ಐದು ಸಾಕು. ಶಹಾಬಾದ್ ಸುಣ್ಣಕಲ್ಲು ಹನಿ ಬಿದ್ದ ಕೂಡಲೇ ನೊರೆಗರೆಯುತ್ತದೆ, ಅದನ್ನೇ ಹೋಲುವ, ಲೋಕಾಪುರದ ಕಡೆಯ ಡಾಲಮೈಟ್ ಕಲ್ಲನ್ನು ಗೀಚಿ ಪುಡಿ ಮಾಡಿದರೆ ಮಾತ್ರ ಸಣ್ಣಗೆ ಗುಳ್ಳೆ ಏಳುತ್ತದೆ. ಬಾಟಲಿಯನ್ನು ಕಂಪಾಸ್ ಚೀಲದಲ್ಲಿ ಇಟ್ಟರೆ ಆವಿಯಿಂದ ಲೋಹ ತುಕ್ಕು ಹಿಡಿಯುತ್ತದೆ.

ನಕ್ಷೆಗೆ ಹಣ ಬೇಡ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳು ಜಾಲತಾಣದಲ್ಲಿ ಪಿಡಿಎಫ್ ಆಗಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ (ಜಿಎಸ್‌ಐ) ‘ಭೂಕೋಶ’ ಜಾಲತಾಣದಲ್ಲಿ ಭೂವೈಜ್ಞಾನಿಕ ನಕ್ಷೆಗಳು ನೋಂದಣಿ ಮಾಡಿಕೊಂಡರೆ ಸಿಗುತ್ತವೆ. ಆದರೆ ಫೈಲುಗಳು ದೊಡ್ಡವು, ಲ್ಯಾಪ್‌ಟಾಪ್ ಇಲ್ಲದವರಿಗೆ ಅವು ಇದ್ದೂ ಇಲ್ಲದಂತೆ. ಆದ್ದರಿಂದ ವಿಭಾಗವೇ ಇಳಿಸಿಕೊಂಡು, ಅಳತೆ ಕುಗ್ಗದಂತೆ ಮುದ್ರಿಸಿ ಇಬ್ಬರಿಗೊಂದು ಕೊಡಬೇಕು. ‘ಪುಟಕ್ಕೆ ಹೊಂದಿಸು’ ಆಯ್ಕೆ ಹಾಕಿದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಎಂಬ ಲೆಕ್ಕ ಕೆಡುತ್ತದೆ.

ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಾಮಾನುಗಳ ಕೊರತೆಯೇ ಹುಡುಗಿಯರನ್ನು ಫೀಲ್ಡಿನಿಂದ ದೂರ ಇಡುತ್ತದೆ. ಮಡಚುವ ಮರೆಗುಡಾರ ಒಂದು, ಸ್ಯಾನಿಟರಿ ಪ್ಯಾಡ್, ಕಾಗದದ ಚೀಲ, ಸೋಪು, ಹತ್ತು ಲೀಟರ್ ಕ್ಯಾನ್ ಎರಡು. ಶೌಚಾಲಯ ಇಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ ಇದ್ದವರು ಸಂಡೂರಿನ ಬಿಸಿಲಿನಲ್ಲಿ ಮಧ್ಯಾಹ್ನಕ್ಕೆ ಕುಸಿಯುತ್ತಾರೆ. ಯಾರೂ ಕೇಳದೆಯೇ ಗುಡಾರ ಪ್ರತಿ ನಿಲುಗಡೆಯಲ್ಲೂ ಇಳಿಯಬೇಕು. ಬೂಟು ಮಾತ್ರ ಪೆಟ್ಟಿಗೆಯಲ್ಲಿ ಇಡುವಂಥದ್ದಲ್ಲ, ಅಳತೆ ಹೊಂದುವುದಿಲ್ಲ. ಪ್ರವಾಸಕ್ಕೆ ತಿಂಗಳ ಮುಂಚೆ ಅಳತೆ ಬರೆದುಕೊಂಡು, ಚಪ್ಪಲಿಯಲ್ಲಿ ಬರುವವರಿಗೆ ಕ್ಯಾನ್ವಾಸ್ ಬೂಟು ಕೊಂಡುಕೊಡುವುದೇ ಸರಿ. ವಿದ್ಯಾರ್ಥಿವೇತನ ಬಂದ ಮೇಲೆ ಕೊಳ್ಳಲಿ ಎಂದರೆ ಅಷ್ಟರಲ್ಲಿ ಪ್ರವಾಸ ಮುಗಿದಿರುತ್ತದೆ.

ಸಾಮಾನು ಕೊಡುವ ನಿಯಮದಲ್ಲಿ ಠೇವಣಿ ಇರಬಾರದು. ಐನೂರು ರೂಪಾಯಿ ಠೇವಣಿ ಕೇಳಿದರೆ ಯಾರಿಗೆ ಪೆಟ್ಟಿಗೆ ಬೇಕೋ ಅವರೇ ಬರುವುದಿಲ್ಲ. ಸಹಿ ಹಾಕಿಸಿಕೊಂಡು ಇಡೀ ಸೆಮಿಸ್ಟರಿಗೆ ಕೊಡಿ. ಹಾಸ್ಟೆಲಿನ ಮೆಟ್ಟಿಲ ಮೇಲೆ ಓರೆಯಾಗಿಟ್ಟ ಹಲಗೆಯ ಡಿಪ್ ಇಪ್ಪತ್ತು ಸಲ ಅಳೆದವರಿಗೆ ಬಂಡೆಯ ಮುಂದೆ ಕೈ ನಡುಗುವುದಿಲ್ಲ. ಸವೆತಕ್ಕೆ ದಂಡ ಬೇಡ. ಫೀಲ್ಡಿನಲ್ಲಿ ಪ್ರತಿ ನಿಲುಗಡೆಗೂ ಅಳೆಯುವವರು, ಬರೆಯುವವರು ಅದಲುಬದಲಾಗಲಿ, ನೋಟ್‌ಬುಕ್ಕಿನಲ್ಲಿ ಪ್ರತಿ ಅಂಕಿಯ ಪಕ್ಕ ಅಳೆದವರ ಹೆಸರಿನ ಮೊದಲಕ್ಷರ ಇರಲಿ. ಸಂಜೆ ಆ ಅಕ್ಷರಗಳನ್ನು ಎಣಿಸಿದರೆ ಯಾರು ಇನ್ನೂ ಹಿಂದೆ ನಿಂತಿದ್ದಾರೆ ಎಂಬುದು ತಿಳಿಯುತ್ತದೆ. ಮಾರನೇ ದಿನದ ಮೊದಲ ಬಂಡೆ ಅವರದು.