ಲೂಪಸ್ ಇರುವವರ ಸ್ಟೀರಾಯ್ಡ್ ಮಾತ್ರೆ ದಿಢೀರಂತ ನಿಲ್ಲಿಸಬೇಡಿ

ನಾವು ದಾವಣಗೆರೆಯವರು. ನನ್ನ ತಂಗಿಗೆ ಲೂಪಸ್ ಇದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಹತ್ತು ಜನ ರೋಗಿಗಳಲ್ಲಿ ಒಂಬತ್ತು ಜನ ಹೆಂಗಸರೇ ಇರುತ್ತಾರೆ. ನಮ್ಮೂರ ಬಿಸಿಲಿಗೆ ಹೋದರೆ ಸಾಕು, ಅವಳ ಎರಡೂ ಕೆನ್ನೆ ಕೆಂಪಾಗುತ್ತಿದ್ದವು. ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್, ಜೊತೆಗೆ ಎಚ್‌ಸಿಕ್ಯೂ (ಹೈಡ್ರಾಕ್ಸಿಕ್ಲೋರೋಕ್ವಿನ್) ಮಾತ್ರೆ ಶುರುವಾದ ಮೇಲೆ ಆರಾಮಾಗಿದ್ದಳು. ಸ್ಟೀರಾಯ್ಡ್‌ನಿಂದ ಮುಖ ಮಾತ್ರ ಊದಿಕೊಂಡಿತ್ತು. ಮನೆಯಲ್ಲಿ ಮದುವೆ ಮಾತು ನಡೆಯುತ್ತಿತ್ತು, ಹಾಗಾಗಿ ಅವ್ವನಿಗೆ ಅದೇ ಚಿಂತೆ.

ಆಗ ಔಷಧಿ ಪುಡಿ ಮಾರುವ ಒಬ್ಬರು ಸಿಕ್ಕರು. "ಸ್ಟೀರಾಯ್ಡ್ ಕಿಡ್ನಿ ತಿಂದು ಹಾಕುತ್ತೆ, ಇವತ್ತೇ ಬಿಡಿಸಿ" ಅಂದರು. ನಂಬಿದೆವು. ಮಾತ್ರೆ ಡಬ್ಬಿ ತೆಗೆದು ಅಟ್ಟಕ್ಕೆ ಹಾಕಿದ್ದು ನಾನೇ.

ಮೂರನೇ ವಾರಕ್ಕೆ ತಲೆನೋವು, ನಿದ್ದೆ ಇಲ್ಲ. ಒಂದು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಾಡುತ್ತಿದ್ದಳು. ಬಾಣಲೆಯಲ್ಲಿ ಎಣ್ಣೆ ಸುಟ್ಟು ಹೊಗೆ ಬರುತ್ತಿತ್ತು. ನೆನೆಸಿದ ಮಂಡಕ್ಕಿಯನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದು ಸುಮ್ನೆ ನಿಂತಿದ್ದಾಳೆ. ನೀರು ಮೊಣಕೈ ತನಕ ಇಳಿಯುತ್ತಿದೆ. "ಅಕ್ಕಾ, ಈಗ ಏನ್ ಹಾಕ್ಬೇಕು?" ಅಂದಳು. ಹತ್ತು ವರ್ಷದಿಂದ ಮನೆಗೆಲ್ಲ ಅದನ್ನು ಮಾಡಿಕೊಟ್ಟವಳು ಅವಳು. ಸಂಜೆ ಹೊತ್ತಿಗೆ ಪಕ್ಕದ ಮನೆಯವರು ಗೋಡೆ ಆಚೆಯಿಂದ ತನ್ನನ್ನೇ ಬೈತಿದ್ದಾರೆ ಅಂತ ಅಳೋಕೆ ಶುರು ಮಾಡಿದಳು.

ಗಾಳಿ ಸೋಕಿದೆ ಅಂತ ದೊಡ್ಡಮ್ಮ ಹೇಳಿದರು. ಜಗಳೂರು ಕಡೆ ಒಂದು ಹಳ್ಳಿಗೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದೆವು. ಐದು ದಿನ ಹೀಗೇ ಹೋಯಿತು. ಆರನೇ ರಾತ್ರಿ ಫಿಟ್ಸ್ ಬಂತು. ನಾಲಿಗೆ ಕಚ್ಚಿಕೊಂಡು ದಿಂಬೆಲ್ಲ ರಕ್ತ.

ಮೊದಲು ಹೋದ ಆಸ್ಪತ್ರೆಯಲ್ಲಿ ಫಿಟ್ಸ್‌ಗೆ ಇಂಜೆಕ್ಷನ್ ಕೊಟ್ಟು, ಮಾನಸಿಕ ತಜ್ಞರಿಗೆ ತೋರಿಸಿ ಅಂದರು. ಲೂಪಸ್ ವಿಷಯ ಅವರು ಕೇಳಲಿಲ್ಲ, ಗಾಬರಿಯಲ್ಲಿ ನಾವೂ ಹೇಳಲಿಲ್ಲ. ಫೈಲ್ ಮನೆಯಲ್ಲೇ ಇತ್ತು. ಮಾರನೇ ದಿನ ಇನ್ನೊಬ್ಬ ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆಯೇ "ಯಾವ ಮಾತ್ರೆ ತಗೋತಿದ್ರು, ಯಾವಾಗ ನಿಲ್ಸಿದ್ರಿ?"

ಎಂಆರ್‌ಐನಲ್ಲಿ ಅಂಥದ್ದೇನೂ ಕಾಣಲಿಲ್ಲ. ಲೂಪಸ್ ಮಿದುಳಿಗೆ ತಗುಲಿದರೂ ಎಷ್ಟೋ ಸಲ ಸ್ಕ್ಯಾನ್ ಸರಿಯಾಗೇ ಇರುತ್ತದಂತೆ. ಸೋಂಕು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಬೆನ್ನಿನಿಂದ ನೀರು ತೆಗೆದರು. ರಕ್ತದಲ್ಲಿ, ಲೂಪಸ್ ಜೋರಾದಾಗ ಹೆಚ್ಚುವ ಡಿಎಸ್‌ಡಿಎನ್‌ಎ ಆಂಟಿಬಾಡಿ ಜಾಸ್ತಿ, ಆಗ ಇಳಿಯುವ ಸಿ3, ಸಿ4 ಪ್ರೋಟೀನ್ ಕಡಿಮೆ. ಲೂಪಸ್ಸೇ ಕೆರಳಿತ್ತು. 3 ದಿನ, ದಿನಕ್ಕೆ 1 ಗ್ರಾಂ ಮೀಥೈಲ್‌ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಡ್ರಿಪ್‌ನಲ್ಲಿ ಹಾಕಿದರು. ನಾಲ್ಕನೇ ದಿನ ನನ್ನ ಹೆಸರು ಹಿಡಿದು ಕರೆದಳು.

ಮೇಡಂ ಹೇಳಿದ ಇನ್ನೊಂದು ಮಾತು ನಮಗೆ ಗೊತ್ತೇ ಇರಲಿಲ್ಲ. ತುಂಬಾ ದಿನ ಸ್ಟೀರಾಯ್ಡ್ ತಗೊಂಡರೆ, ಮೈ ತಾನಾಗಿ ತಯಾರಿಸಿಕೊಳ್ಳುವ ಸ್ಟೀರಾಯ್ಡ್ ಕಡಿಮೆಯಾಗಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಇಳಿದು ಜೀವಕ್ಕೇ ಕುತ್ತು ಬರಬಹುದು. ಡಾಕ್ಟರೇ ಹಂತ ಹಂತವಾಗಿ ಡೋಸ್ ಇಳಿಸಬೇಕು. ಮುಖ ಊದಿದ್ದು ಬೇಜಾರಾದರೆ ಅವರಿಗೇ ಹೇಳಿ, ಅಟ್ಟಕ್ಕೆ ಹಾಕಬೇಡಿ.

ನಿಮ್ಮ ಮನೆಯಲ್ಲಿ ಲೂಪಸ್ ಇರುವವರು ಇದ್ದಕ್ಕಿದ್ದಂತೆ ಮರೆಯತೊಡಗಿದರೆ, ಇಲ್ಲದ ಮಾತು ಕೇಳಿಸುತ್ತೆ ಅಂದರೆ, ಫಿಟ್ಸ್ ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಬಾಗಿಲಲ್ಲೇ ಲೂಪಸ್ ಇದೆ ಅಂತ ಹೇಳಿ. ಮಾತ್ರೆ ಚೀಟಿಯ ಫೋಟೋ ಮನೆಯವರೆಲ್ಲರ ಮೊಬೈಲಲ್ಲಿ ಇರಲಿ. ನಾನು ಈಗ ಇಟ್ಟುಕೊಂಡಿದ್ದೇನೆ.