ಮಸಾಯ್ ಮಾರಾ: ಗೇಟಿನ ಹೊರಗೋ, ಒಳಗೋ, ಕನ್ಸರ್ವೆನ್ಸಿಯಲ್ಲೋ?

ಕೀನ್ಯಾದ ಮಸಾಯ್ ಮಾರಾ ವನ್ಯಜೀವಿ ರಿಸರ್ವಿಗೆ ಹೊರಟವರು ಮೊದಲು ಟೆಂಟಿನ ಫೋಟೋ ನೋಡುತ್ತಾರೆ, ಆಮೇಲೆ ರೇಟು. ನನ್ನ ಕೇಳಿದರೆ ಮೊದಲು ಮ್ಯಾಪ್ ನೋಡಿ ಅಂತೀನಿ. ಗೇಟಿನ ಹೊರಗೆ, ರಿಸರ್ವ್ ಒಳಗೆ, ಪಕ್ಕದ ಕನ್ಸರ್ವೆನ್ಸಿ ಅನ್ನೋ ಖಾಸಗಿ ವನ್ಯಜೀವಿ ಜಮೀನಿನಲ್ಲಿ, ಮೂರೂ ಕಡೆ ಉಳಿದಿದ್ದೇನೆ. ಎಲ್ಲಿ ಮಲಗುತ್ತೀರಿ ಅನ್ನೋದರ ಮೇಲೆ ಇಡೀ ಸಫಾರಿ ನಿಂತಿದೆ.

ರಿಸರ್ವಿನ ಗೇಟುಗಳಲ್ಲೊಂದಾದ ತಾಲೆಕ್ ಗೇಟಿನ ಹೊರಗಿನ ಕ್ಯಾಂಪು ಅಗ್ಗ. ನಾನಿದ್ದ ಕಡೆ ರಾತ್ರಿ ಜನರೇಟರ್ ನಿಲ್ಲಿಸುತ್ತಿದ್ದರು, ಫೋನ್ ಚಾರ್ಜ್ ಮಾಡಲು ಊಟದ ಟೆಂಟಿಗೇ ಹೋಗಬೇಕಿತ್ತು. ಊಟಕ್ಕೇನೂ ತೊಂದರೆ ಇಲ್ಲ. ಚಪಾತಿ, ಬೀನ್ಸ್, ಸುಕುಮಾ ವಿಕಿ ಅನ್ನೋ ಸೊಪ್ಪಿನ ಪಲ್ಯ ಸಿಗುತ್ತದೆ, ಸಸ್ಯಾಹಾರಿಗಳು ಆರಾಮಾಗಿರಬಹುದು.

ಲೆಕ್ಕ ತಪ್ಪುವುದು ರಿಸರ್ವಿನ ಪ್ರವೇಶ ಟಿಕೆಟ್ಟಿನಲ್ಲಿ. ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್ ತನಕ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್ ತನಕ 200. ಹೊರಗೆ ಉಳಿದವರಿಗೆ ಅದು ಬೆಳಗ್ಗೆ 6ರಿಂದ ಸಂಜೆ 6ರ ತನಕ ಮಾತ್ರ. ನೈರೋಬಿಯಿಂದ ರಸ್ತೆಯಲ್ಲಿ ಬಂದು, ಸಂಜೆ ಸುಮ್ನೆ ಒಂದು ಸುತ್ತು ಹಾಕೋಣ ಅಂದರೂ ಪೂರ್ತಿ ದುಡ್ಡು ಕೊಡಬೇಕು. ಹಾಗಾಗಿ ಹೊರಗೆ ಉಳಿಯುವವರು ತಲುಪಿದ ದಿನ ವಿಶ್ರಾಂತಿ ತೆಗೆದುಕೊಳ್ಳುವುದೇ ಒಳ್ಳೆಯದು. ಇನ್ನೊಂದು ಮಾತು: ನದಿ ದಡದ ಟೆಂಟ್ ಕೊಡುತ್ತೇವೆ ಅಂದರೆ ದಡ ಎಷ್ಟು ಎತ್ತರ ಇದೆ ಅಂತ ಕೇಳಿ. 2024ರ ಮೇ ಶುರುವಿನಲ್ಲಿ ತಾಲೆಕ್ ನದಿ ಉಕ್ಕಿ ಎಷ್ಟೋ ಕ್ಯಾಂಪುಗಳಿಗೆ ನೀರು ನುಗ್ಗಿತ್ತು.

ರಿಸರ್ವ್ ಒಳಗೆ ಉಳಿದರೆ ಬೆಳಗಿನ ಗೇಟಿನ ಸಾಲು ಇಲ್ಲ. ವ್ಯಾನುಗಳು ಹೊರಗೆ ಕಾಯುತ್ತಿರುವಾಗಲೇ ನೀವು ಸಿಂಹದ ಮುಂದೆ ಇರಬಹುದು. ನಮ್ಮ ಕ್ಯಾಂಪಿಗೆ ಬೇಲಿ ಇರಲಿಲ್ಲ. ಕತ್ತಲಾದ ಮೇಲೆ ಟೆಂಟಿನಿಂದ ಊಟಕ್ಕೆ ಹೋಗಲೂ ಟಾರ್ಚ್ ಹಿಡಿದ ಆಸ್ಕರಿ, ಅಂದರೆ ಕಾವಲುಗಾರ, ಜೊತೆಗೆ ಬರಬೇಕು. ರಾತ್ರಿಯಿಡೀ ನೀರಾನೆಗಳ ಗೊರಗೊರ ಸದ್ದು. ಜುಲೈಯಿಂದ ಅಕ್ಟೋಬರ್ ನಡುವೆ ವೈಲ್ಡ್‌ಬೀಸ್ಟ್ ಅನ್ನೋ ದೊಡ್ಡ ಹುಲ್ಲೆಗಳ ಹಿಂಡು ಮಾರಾ ನದಿ ದಾಟುವುದನ್ನು ಕಾಯಬೇಕಾದರೆ ಇದೇ ಸರಿ. ಅದರಲ್ಲೂ ನದಿಯ ಪಶ್ಚಿಮಕ್ಕಿರುವ ರಿಸರ್ವಿನ ಭಾಗ, ಮಾರಾ ಟ್ರಯಾಂಗಲ್, ನನಗೆ ಜಾಸ್ತಿ ಹಿಡಿಸಿತು. 2001ರಿಂದ ಅದನ್ನು ಮಾರಾ ಕನ್ಸರ್ವೆನ್ಸಿ ಅನ್ನೋ ಸಂಸ್ಥೆ (ಹೆಸರಷ್ಟೇ ಹಾಗೆ, ಪಕ್ಕದ ಕನ್ಸರ್ವೆನ್ಸಿ ಜಮೀನುಗಳೇ ಬೇರೆ) ನೋಡಿಕೊಳ್ಳುತ್ತಿದೆ, ನಾನು ಕಂಡಂತೆ ಗಾಡಿಗಳ ಗದ್ದಲವೂ ಕಡಿಮೆ. ತಾಲೆಕ್ ಕಡೆ ಒಂದು ಚೀತಾ ಸುತ್ತ ಗಾಡಿಗಳು ಮುತ್ತಿಕೊಂಡಿದ್ದನ್ನು ನೋಡಿ ನಿಜಕ್ಕೂ ಬೇಜಾರಾಯಿತು. ಪಾಪ, ಅದು ಬೇಟೆಯಾಡುವುದಾದರೂ ಹೇಗೆ?

ಮಾರಾ ನಾರ್ತ್, ನಬೋಯಿಶೋ, ಓಲಾರೆ ಮೊಟೊರೋಗಿ ಇವೆಲ್ಲ ರಿಸರ್ವಿಗೆ ತಾಗಿರುವ ಕನ್ಸರ್ವೆನ್ಸಿಗಳು. ಜಮೀನು ಸ್ಥಳೀಯ ಮಸಾಯ್ ಜನಾಂಗದ ಕುಟುಂಬಗಳದ್ದು, ಕ್ಯಾಂಪಿನವರು ಅವರಿಗೆ ಬಾಡಿಗೆ ಕೊಡುತ್ತಾರೆ. ಟೆಂಟುಗಳ ಸಂಖ್ಯೆಗೂ ಒಂದು ಪ್ರಾಣಿಯ ಹತ್ತಿರ ನಿಲ್ಲುವ ಗಾಡಿಗಳಿಗೂ ಮಿತಿ ಇದೆ. ರಿಸರ್ವಿನಲ್ಲಿ ಇಲ್ಲದ ರಾತ್ರಿ ಸಫಾರಿ, ಗೈಡ್ ಜೊತೆ ನಡಿಗೆ, ಎರಡೂ ಇಲ್ಲಿವೆ. ರಾತ್ರಿ ಗಾಡಿಯ ಕೆಂಪು ದೀಪದ ಬೆಳಕಿನಲ್ಲಿ ಕತ್ತೆಕಿರುಬ ಮರಿಗಳು ಬಿಲದ ಬಾಯಲ್ಲಿ ಒಂದರ ಮೇಲೊಂದು ಬಿದ್ದು ಆಡುವುದನ್ನು ನಾನು ಕಂಡಿದ್ದು ಇಲ್ಲೇ. ಸ್ನಾನಕ್ಕೆ ಬಿಸಿನೀರು ಬೇಕಾದರೆ ಮೊದಲೇ ಹೇಳಿಡಬೇಕು. ಹುಡುಗನೊಬ್ಬ ಟೆಂಟಿನ ಹಿಂದೆ ಬಕೆಟ್ ಮೇಲೇರಿಸಿ ಕೂಗಿದ ತಕ್ಷಣ ಮೀಯಬೇಕು, ಇಲ್ಲದಿದ್ದರೆ ತಣ್ಣಗಾಗುತ್ತದೆ. ರೇಟು ಮಾತ್ರ ದುಬಾರಿ. ಕನ್ಸರ್ವೆನ್ಸಿ ಶುಲ್ಕ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ, ಆದರೆ ನದಿ ದಾಟುವುದನ್ನು ನೋಡಲು ರಿಸರ್ವಿಗೆ ಹೋದರೆ ಟಿಕೆಟ್ ಬೇರೆ.

ನದಿ ದಾಟುವುದನ್ನೇ ನೋಡಬೇಕು ಅನ್ನುವವರಿಗೆ ಟ್ರಯಾಂಗಲ್. ಬೇರೆ ತಿಂಗಳಲ್ಲಾದರೆ ನಾನು ಎರಡು ರಾತ್ರಿ ಕಮ್ಮಿ ಮಾಡಿಕೊಂಡಾದರೂ ಕನ್ಸರ್ವೆನ್ಸಿಗೇ ಹೋಗುತ್ತೇನೆ.